ಊರೂರು ತಿರುಗಿ ಭವಿಷ್ಯ ಹೇಳುವವರನ್ನು ನಿಮ್ಮ ಕಡೆ ಏನಂತ ಕರೀತಾರೆ? ನಾಟಕಕ್ಕೆ ಬೇಕಿತ್ತು

ರಂಗದ ಹುಚ್ಚ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಈ ಸಲ ಒಂದು ಸ್ವಂತ ನಾಟಕ ಆಡ್ತಿದೆ. ಕತೆ ನಡೆಯುವುದು 1955ರ ಹೊತ್ತಿಗೆ, ರಾಣೆಬೆನ್ನೂರು ಕಡೆಯ ಒಂದು ಹಳ್ಳಿಯಲ್ಲಿ, ಮುಂಗಾರು ಬಿತ್ತನೆ ಟೈಮಲ್ಲಿ. ಮೊದಲ ದೃಶ್ಯದಲ್ಲೇ ಒಬ್ಬ ಮನುಷ್ಯ ಬಾಗಿಲಿಗೆ ಬಂದು "ಈ ಮನೆಯ ಹಿರೀಮಗ ವರ್ಷದೊಳಗೆ ಊರು ಬಿಡ್ತಾನೆ" ಅಂತ ಹೇಳಿ ಹೋಗ್ತಾನೆ. ಅಲ್ಲಿಂದ ಎಲ್ಲ ಶುರು.

ಸ್ಕ್ರಿಪ್ಟಿನಲ್ಲಿ ಸದ್ಯಕ್ಕೆ ಅವನನ್ನು "ಜ್ಯೋತಿಷಿ" ಅಂತ ಬರೆದಿದೆ. ಓದಿದ ಒಬ್ಬರು ಬುಡಬುಡಿಕೆ ಅಂತ ಮಾಡಿ ಅಂತಾರೆ. ಇನ್ನೊಬ್ಬರು ಹೆಣ್ಣು ಪಾತ್ರ ಕಮ್ಮಿ ಇದೆ, ಕೊರವಂಜಿ ಬರಲಿ ಅಂತಾರೆ. ಮೂರನೆಯವರು ಇನ್ನೂ ಜೋರು, ಗೊರವಯ್ಯನನ್ನೇ ಬಿಲ್ಲು ಹತ್ತಿಸಿ, ಚಪ್ಪಾಳೆ ಬೀಳತ್ತೆ ಅಂತ. ನಾನು ಬೆಂಗಳೂರಲ್ಲಿ ಬೆಳೆದವನು. ನನಗೆ ಗೊತ್ತಿರೋದು ಬೆಳಿಗ್ಗೆ ಟಿವಿಯಲ್ಲಿ ಬರುವ ಗುರೂಜಿಗಳು, ಆಮೇಲೆ ಪಾರ್ಕಿನ ಪಕ್ಕ ಕೂರುವ ಗಿಳಿಶಾಸ್ತ್ರದವರು, ಅಷ್ಟೇ. ಇವರೆಲ್ಲ ಒಂದೇ ಕೆಲಸ ಮಾಡುವವರಾ, ಸುಮ್ನೆ ಹೆಸರು ಮಾತ್ರ ಬೇರೆನಾ? ಆ ಊರಲ್ಲಿ ಆ ಕಾಲದಲ್ಲಿ ನಿಜವಾಗಿ ಬಾಗಿಲಿಗೆ ಬರ್ತಿದ್ದವರು ಯಾರು? ಮತ್ತೆ ಇಷ್ಟು ನೇರವಾಗಿ ಹೇಳ್ತಿದ್ರಾ?

ಬ್ಯಾಡಗಿ ಮೆಣಸಿನಕಾಯಿ

ರಾಣೆಬೆನ್ನೂರು ಕಡೆ ಅಂದಮೇಲೆ ನಾನು ಬಾಯಿ ಹಾಕಲೇಬೇಕು.

ಮೊದಲು ಜ್ಯೋತಿಷಿಯನ್ನು ತೆಗೀರಿ. ಜ್ಯೋತಿಷಿ ಯಾರ ಬಾಗಿಲಿಗೂ ಬರಲ್ಲ. ಜನ ಅವರ ಬಾಗಿಲಿಗೆ ಹೋಗ್ತಾರೆ, ಅದೂ ಎಲೆ ಅಡಿಕೆ ದಕ್ಷಿಣೆ ಹಿಡ್ಕೊಂಡು. ಹಳ್ಳಿಯಲ್ಲಿ ಜ್ಯೋತಿಷಿ ಅನ್ನುವ ಮಾತೂ ಬಳಕೆಯಲ್ಲಿರಲಿಲ್ಲ. ಜೋಯಿಸರು ಅಂತಿದ್ರು, ಲಿಂಗಾಯತರ ಮನೆಗಳಲ್ಲಾದರೆ ಮಠದ ಅಯ್ನೋರು. "ಹೋಗಿ ಪಂಚಾಂಗ ನೋಡಿಸ್ಕೊಂಡು ಬಾ" ಇಲ್ಲ "ಹೊತ್ತಿಗಿ ತೆಗಸು" ಅಂತ ಹೇಳ್ತಿದ್ರು. ಕೂಸಿಗೆ ಹೆಸರು, ಮದುವೆಗೆ ಮುಹೂರ್ತ, ಕೂರಿಗೆ ಹೂಡಲು ಒಳ್ಳೆ ದಿನ, ಕಳೆದುಹೋದ ಎತ್ತು ಯಾವ ದಿಕ್ಕಿಗೆ ಹೋಗಿದೆ, ಇಂಥವು. ಯುಗಾದಿ ದಿನ ಗುಡಿಯಲ್ಲಿ ಪಂಚಾಂಗ ಓದಿಸಿ ಈ ವರ್ಷ ರಾಜ ಯಾರು ಮಂತ್ರಿ ಯಾರು, ಎಷ್ಟು ಕೊಳಗ ಮಳೆ, ಯಾವ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು ಅಂತ ಕೇಳೋದು. ಊರಲ್ಲಿ ಮರ್ಯಾದೆ ಇರುವ ಮನುಷ್ಯ ಅವರು. ಬಾಗಿಲಲ್ಲಿ ನಿಂತು "ನಿನ್ನ ಮಗ ಊರು ಬಿಡ್ತಾನೆ" ಅಂದು ಹೋಗುವ ಜಾತಿಯಲ್ಲ.

ನಿಮಗೆ ಬೇಕಿರೋದು ಬುಡಬುಡಿಕೆಯವನೇ. ಅವನು ಬರೋದು ಇನ್ನೂ ಕತ್ತಲಿರುವಾಗ, ಕೋಳಿ ಕೂಗುವ ಹೊತ್ತಿಗೆ. ತಲೆಗೆ ದೊಡ್ಡ ರುಮಾಲು, ಮೈಮೇಲೆ ಯಾರೋ ಕೊಟ್ಟ ಹಳೇ ಕೋಟು, ಹೆಗಲಿಗೆ ಬಣ್ಣಬಣ್ಣದ ಬಟ್ಟೆ ಶಾಲು, ಬಗಲಲ್ಲಿ ಜೋಳಿಗೆ. ಕೈಯಲ್ಲಿ ಅಂಗೈಯಗಲದ ಎರಡು ಮುಖದ ಪುಟ್ಟ ವಾದ್ಯ. ನಡುವೆ ಕಟ್ಟಿದ ದಾರದ ತುದಿಯಲ್ಲಿ ಗಂಟು ಇರತ್ತೆ, ಮಣಿಕಟ್ಟು ಅಲ್ಲಾಡಿಸಿದರೆ ಆ ಗಂಟು ಎರಡೂ ಕಡೆ ಬಡಿದು ಬುಡಬುಡ ಅನ್ನತ್ತೆ. ಹಾಲಕ್ಕಿ ನುಡೀತು, ಅದನ್ನು ನಾನು ಕೇಳಿದೆ, ಬಂದು ಹೇಳ್ತಿದೀನಿ ಅನ್ನುವುದು ಅವನ ಮಾತಿನ ಧಾಟಿ. (ಹಾಲಕ್ಕಿ ಅಂದ್ರೆ ಒಂದು ಜಾತಿ ಪುಟ್ಟ ಗೂಬೆ. ಊರ ಹತ್ತಿರದ ಹಳೇ ಮರಗಳ ಪೊಟರೆಯಲ್ಲಿ ಇರತ್ತೆ.) ಸುಡುಗಾಡಿಂದ ಸೀದಾ ಎದ್ದು ಬರ್ತಾನೆ ಅಂತ ಹೆದರಿಸಿ ಮಕ್ಕಳನ್ನು ಮಲಗಿಸ್ತಿದ್ರು.

ಈಗ ನಿಮ್ಮ ಡೈಲಾಗು. ಅಷ್ಟು ನೇರವಾಗಿ ಅವನು ಹೇಳಲ್ಲ. ಮೊದಲು ಶುಭ. "ಜಯವಾಗ್ತೈತಿ, ಈ ಮನಿಗೆ ಜಯವಾಗ್ತೈತಿ, ಮೂಡಣ ದಿಕ್ಕಿಂದ ಸುದ್ದಿ ಬರ್ತೈತಿ." ಆಮೇಲೆ ಒಂದು ಕೊಕ್ಕೆ. "ಆದರ ತಾಯಿ, ಈ ಮನಿಯ ಕಂಬಕ್ಕ ಒಂದು ಕಂಟಕ ಐತಿ." ಅಲ್ಲಿಗೆ ನಿಲ್ಲಿಸಿ ಮುಂದಿನ ಮನೆಗೆ ಹೋಗಿಬಿಡ್ತಾನೆ. ಆ ಹೊತ್ತಲ್ಲಿ ಏನೂ ಕೇಳಲ್ಲ, ಏನೂ ಇಸ್ಕೊಳ್ಳಲ್ಲ. ಹೊತ್ತೇರಿದ ಮೇಲೆ ಅದೇ ಓಣಿಗೆ ಮತ್ತೆ ಬರ್ತಾನೆ, ಜೋಳ, ಹಳೇ ಬಟ್ಟೆ ಇಸ್ಕೊಳ್ಳೋಕೆ. ಅಷ್ಟರಲ್ಲಿ ಮನೆ ಹೆಂಗಸರು ಕಂಬ ಅಂದ್ರೆ ಯಾರು, ಗಂಡನಾ ಮಗನಾ ಅಂತ ನಾಲ್ಕು ತಾಸು ತಲೆ ಕೆಡಿಸ್ಕೊಂಡು ಕೂತಿರ್ತಾರಲ್ಲ, ಅವರೇ ಕರೆದು ಕೂರಿಸಿ ಕೇಳ್ತಾರೆ. ಕೇಳೋ ಭರದಲ್ಲಿ ಮಗನ ಹೆಸರು, ಅವನು ಅಪ್ಪನ ಜೊತೆ ಜಗಳ ಆಡಿದ್ದು, ಎಲ್ಲ ಇವರ ಬಾಯಿಂದಲೇ ಬಂದುಬಿಡತ್ತೆ. ನಾಟಕದವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಇನ್ನೊಂದು ಮಾತು. ಬಿತ್ತನೆ ಟೈಮಲ್ಲಿ ಬರಿಸಬೇಡಿ. ಆಗ ಯಾರ ಮನೆಯಲ್ಲೂ ಕೊಡೋಕೆ ಕಾಳಿರಲ್ಲ. ಸುಗ್ಗಿ ಮುಗಿದು ರಾಶಿ ಮನೆಗೆ ಬಂದ ಮೇಲೆ ತಿರುಗಾಟದವರೆಲ್ಲ ಬರ್ತಿದ್ರು. ಬುಡಬುಡಿಕೆ, ಕೋಲೆ ಬಸವ, ವಂಶಾವಳಿ ಹೇಳುವ ಹೆಳವ, ಒಬ್ಬರ ಹಿಂದೆ ಒಬ್ಬರು. ಹೆಳವ ಅಂದಾಗ ನೆನಪಾಯ್ತು, ಅವನು ನಿಮ್ಮ ಮನೆತನದ ಹಿಂದಿನದನ್ನೆಲ್ಲ ಹೇಳ್ತಾನೆ, ಇವನು ಮುಂದಿನದನ್ನ. ಇಬ್ಬರಿಗೂ ಅದೇ ಒಂದು ಸೇರು ಜೋಳ.

ಗದಗಿನ ಸೊಸೆ

ಮೆಣಸಿನಕಾಯಿ ಅಣ್ಣ ಬುಡಬುಡಿಕೆಯವನ ಬಗ್ಗೆ ಹೇಳಿದ್ದು ಸರಿ. ಆದರೆ ಕೊರವಂಜಿಯನ್ನು ಅಷ್ಟು ಬೇಗ ಬಿಡಬೇಡಿ. ಅವಳು ಬರೋದೇ ಬೇರೆ ಹೊತ್ತಲ್ಲಿ, ಮಾತಾಡೋದೇ ಬೇರೆಯವರ ಜೊತೆ. ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದಮೇಲೆ ಬರ್ತಾಳೆ, ಹಿತ್ತಲ ಕಡೆಯಿಂದ. ಬುಟ್ಟಿ, ಕೈಯಲ್ಲಿ ಒಂದು ಕೋಲು. "ಕಣಿ ಹೇಳ್ತೀನಿ ಕಣಿ" ಅಂತ ಕೂಗ್ತಾಳೆ. ಹೆಂಗಸರು ಮೊರದಲ್ಲಿ ಕಾಳು ತಂದಿಟ್ಟು ಎದುರು ಕೂತರೆ ಕೈ ಹಿಡಿದು, ಅಂಗೈಗೆ ಕೋಲು ಮುಟ್ಟಿಸಿ, ಕುಲದೇವರನ್ನೆಲ್ಲ ಹೆಸರು ಹೇಳಿ ಕರೆದು, ಆಮೇಲೆ ಕಣಿ. ಹಚ್ಚೆ ಹಾಕೋದೂ ಅವರೇ, ಬುಟ್ಟಿ ಹೆಣೆದು ಮಾರೋದೂ ಅವರೇ. ಹಚ್ಚೆ ಚುಚ್ಚಿಸಿಕೊಳ್ಳೋಕೆ ಕೂತವಳು ಎದ್ದು ಹೋಗೋಕಾಗಲ್ಲವಲ್ಲ, ಒಂದು ತಾಸು ಮಾತೇ ಮಾತು. ಮಕ್ಕಳಾಗಿಲ್ಲ, ಗಂಡ ಸರಿಯಿಲ್ಲ, ತವರಿಗೆ ಕಳಿಸ್ತಿಲ್ಲ, ಇವೆಲ್ಲ ಜೋಯಿಸರ ಮುಂದೆ ಹೇಳೋ ವಿಷಯಗಳಾ? ಇವಳ ಹತ್ತಿರ ಹೇಳಬಹುದು.

ಶ್ರೀನಿವಾಸ ಕಲ್ಯಾಣದ ಕತೆಯಲ್ಲಿ ಪದ್ಮಾವತಿಯ ತಾಯಿಯನ್ನು ಒಪ್ಪಿಸೋಕೆ ತಿಮ್ಮಪ್ಪನೇ ಕೊರವಂಜಿ ವೇಷ ಹಾಕ್ಕೊಂಡು ಅರಮನೆಗೆ ಹೋಗ್ತಾನೆ. ಜೋಯಿಸನ ವೇಷದಲ್ಲಿ ಹೋಗಬಹುದಿತ್ತಲ್ಲ? ಅಂತಃಪುರದೊಳಗೆ ಯಾರನ್ನು ಬಿಡ್ತಾರೆ ಅಂತ ಅವನಿಗೂ ಗೊತ್ತಿತ್ತು 🙂

ಆದರೆ ಒಂದು ಎಚ್ಚರ. ಕೊರವ, ಕೊರಮ, ಕೊರಚ ಇವು ಇವತ್ತು ನಮ್ಮ ಜೊತೆ ಬದುಕ್ತಿರೋ ಜನರ ಜಾತಿ ಹೆಸರುಗಳು. ನಗಿಸೋಕೆ ಅಂತ ವೇಷ ಹಾಕಿ ಕುಣಿಸಬೇಡಿ. ಬ್ರಿಟಿಷರು 1871ರಲ್ಲಿ ತಂದ ಕಾನೂನಿನ ಕೆಳಗೆ ಇಂಥ ಎಷ್ಟೋ ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿಟ್ಟಿದ್ರು. ಪೊಲೀಸರಿಗೆ ಹಾಜರಿ ಕೊಡಬೇಕಿತ್ತು. ಮುಂಬೈ ಪ್ರಾಂತದಲ್ಲಿ ಅವರನ್ನು ತಂತಿಬೇಲಿಯೊಳಗೆ ಇಟ್ಟಿದ್ರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಸೆಟ್ಲಮೆಂಟ್ ಅನ್ನೋ ಹೆಸರು ಇವತ್ತಿಗೂ ಉಳಿದಿದೆ. ಆ ಕಾನೂನು ಮುಂಬೈ ಪ್ರಾಂತದಲ್ಲಿ ರದ್ದಾದದ್ದು 1949ರಲ್ಲಿ, ಇಡೀ ದೇಶದಲ್ಲಿ 1952ರಲ್ಲಿ. ನಿಮ್ಮ ಕತೆ 1955. ಅಂದ್ರೆ ನಿಮ್ಮ ಕೊರವಂಜಿ ಬುಟ್ಟಿ ಹೊತ್ತು ಯಾರ ಅಪ್ಪಣೆಯೂ ಇಲ್ಲದೆ ಊರೂರು ತಿರುಗೋಕೆ ಶುರು ಮಾಡಿ ಕೆಲವೇ ವರ್ಷ ಆಗಿರತ್ತೆ. ಅವಳು "ಹಿರೀಮಗ ಊರು ಬಿಡ್ತಾನೆ" ಅಂದರೆ ಆ ಮಾತಿನ ತೂಕವೇ ಬೇರೆ.

ಪ್ರಶ್ನೆ ಕೇಳುವವ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಕೊನೆಗೆ ಎಲ್ಲರೂ ಹೇಳೋದು ಸುಳ್ಳೇ ಅಲ್ವಾ? ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು. ಮುಂದೆ ಬಂದು ಪರೀಕ್ಷೆಗೆ ಕೂರಿ ಅಂದರೆ ದೊಡ್ಡದೊಡ್ಡವರು ಯಾರೂ ಕೂರಲಿಲ್ಲ.

ನನಗೆ ಕಿರಿಕಿರಿ ಆಗೋದು ಬೇರೆ ವಿಷಯಕ್ಕೆ. 2017ರಲ್ಲಿ ನಮ್ಮ ರಾಜ್ಯ ಮೌಢ್ಯದ ವಿರುದ್ಧ ಕಾನೂನು ಮಾಡಿತು, ಅದರಲ್ಲಿ ಜ್ಯೋತಿಷ್ಯ ವಾಸ್ತು ಸಲಹೆಯನ್ನು ಹುಷಾರಾಗಿ ಹೊರಗಿಟ್ಟರು. ಇತ್ತ 1959ರಲ್ಲಿ ಮುಂಬೈ ರಾಜ್ಯದ ಭಿಕ್ಷಾಟನೆ ತಡೆ ಕಾನೂನು ನೋಡಿ, ಹಾಡಿ ಕುಣಿದು ಬೇಡುವುದರ ಜೊತೆಗೆ ಭವಿಷ್ಯ ಹೇಳಿ ಬೇಡುವುದನ್ನೂ ಅಪರಾಧ ಅಂತ ಸೇರಿಸಿದೆ. ಎಸಿ ರೂಮಲ್ಲಿ ಕೂತು ಕಂಪ್ಯೂಟರ್ ಜಾತಕಕ್ಕೆ ಸಾವಿರಗಟ್ಟಲೆ ತಗೊಂಡರೆ ಗುರೂಜಿ, ಬೀದಿಯಲ್ಲಿ ಒಂದು ಸೇರು ಜೋಳ ತಗೊಂಡರೆ ಭಿಕ್ಷುಕ. ನಾಟಕ ಇದರ ಬಗ್ಗೆ ಮಾಡಿ ಸ್ವಾಮಿ.

ಹೊಳೆಸಾಲು ಹಡಗಲಿ

ಮೇಲಿನವರ ಜೊತೆ ವಾದಕ್ಕೆ ಬರಲ್ಲ, ಅವರ ಸಿಟ್ಟು ನ್ಯಾಯವಾದದ್ದೇ. ನಾನು ಗೊರವಯ್ಯನ ವಿಷಯ ಮಾತ್ರ ಹೇಳಿ ಹೋಗ್ತೀನಿ. ಗೊರವಯ್ಯನನ್ನು ಭವಿಷ್ಯ ಹೇಳುವವರ ಸಾಲಿಗೆ ಸೇರಿಸಿದ್ದೇ ನಮ್ಮ ಕಡೆಯವರಿಗೆ ಒಂಥರಾ ಆಗತ್ತೆ.

ನಮ್ಮ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆ. ಅದರ ಬೆನ್ನಿಗೇ ಡೆಂಕನಮರಡಿಯಲ್ಲಿ ಕಾರಣಿಕ, ಅಂದ್ರೆ ದೇವರ ನುಡಿ. ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯ, ಅಂದ್ರೆ ಮೈಲಾರಲಿಂಗನ ಭಕ್ತ, ಎತ್ತರದ ಬಿಲ್ಲು ಹತ್ತುತ್ತಾನೆ. ಲಕ್ಷಗಟ್ಟಲೆ ಜನ, ಭಂಡಾರದ ಧೂಳು, ಡಮರುಗ, ಏಳು ಕೋಟಿ ಅನ್ನೋ ಕೂಗು. ತುದಿ ಮುಟ್ಟಿದವನು ಆಕಾಶದ ಕಡೆ ನೋಡಿ "ಸದ್ದಲೇ!" ಅಂತಾನೆ. ಅಷ್ಟೇ. ಹಸುಗೂಸು ಅಳೋದು ಬಿಟ್ಟರೆ ಒಂದು ಸೊಲ್ಲಿಲ್ಲ. ಆಮೇಲೆ ಒಂದೇ ಒಂದು ಸಾಲು ನುಡಿದು ಮೇಲಿಂದ ಕೈಬಿಟ್ಟು ಬೀಳ್ತಾನೆ, ಕೆಳಗಿದ್ದವರು ಹಿಡೀತಾರೆ. "ಸಂಪಾಯಿತಲೇ ಪರಾಕ್" ಅನ್ನೋ ಥರದ ಮೂರು ನಾಲ್ಕು ಮಾತು, ಜಾಸ್ತಿ ಇಲ್ಲ.

ಅವನು ಯಾರ ಮನೆ ವಿಷಯಾನೂ ಹೇಳಲ್ಲ. ಅರ್ಥವನ್ನೂ ಹೇಳಲ್ಲ. ಒಡೆದು ಹೇಳೋದು ಜನ. ರೈತರು ಮಳೆಗೆ ಹಚ್ಚಿ ನೋಡ್ತಾರೆ, ಪೇಪರಿನವರು ಸರ್ಕಾರಕ್ಕೆ ಹಚ್ಚಿ ನೋಡ್ತಾರೆ, ಹತ್ತಿ ವ್ಯಾಪಾರಿಗೆ ಅದರಲ್ಲಿ ರೇಟೂ ಕಾಣತ್ತೆ. ಆದ್ದರಿಂದ ನಾವು "ಗೊರವಯ್ಯ ಭವಿಷ್ಯ ಹೇಳಿದ" ಅನ್ನಲ್ಲ, "ಕಾರಣಿಕ ಆಯ್ತು" ಅಂತೀವಿ. ಏನಾಯ್ತು ಕಾರಣಿಕ ಅಂತ ಕೇಳ್ತೀವಿ. ಹೇಳಿದವನ ಹೆಸರು ಯಾರಿಗೂ ಬೇಕಿಲ್ಲ.

ಅವನನ್ನು ಒಬ್ಬರ ಮನೆ ಬಾಗಿಲಿಗೆ ತಂದು ನಿಲ್ಲಿಸಿದರೆ ನಮ್ಮೂರವರು ಎದ್ದು ಹೋಗ್ತಾರೆ ನೋಡಿ. ಚಪ್ಪಾಳೆ ಬೇಕೇಬೇಕು ಅಂದ್ರೆ ಎರಡನೇ ಅಂಕದಲ್ಲಿ ಇಡೀ ಊರು ದೇವರಗುಡ್ಡಕ್ಕೆ ಹೋಗಲಿ. ಅದು ರಾಣೆಬೆನ್ನೂರು ತಾಲೂಕೇ, ಅಲ್ಲಿ ದಸರೆಗೆ ಕಾರಣಿಕ. ಮೈಲಾರಕ್ಕೇ ಕರ್ಕೊಂಡು ಬಂದರೂ ಒಂದು ಮಜಾ ಇದೆ. 1955ರಲ್ಲಿ ರಾಣೆಬೆನ್ನೂರು ಮುಂಬೈ ರಾಜ್ಯ. ನಮ್ಮ ಹಡಗಲಿ 1953ರ ಅಕ್ಟೋಬರಿನಲ್ಲಿ ಮದ್ರಾಸಿಂದ ಮೈಸೂರಿಗೆ ಸೇರಿತ್ತು. ತುಂಗಭದ್ರೆ ದಾಟಿದರೆ ಬೇರೆ ರಾಜ್ಯ! ನಿಮ್ಮ ಹಿರೀಮಗ ಜಾತ್ರೆಗೆ ಅಂತ ಹೊಳೆ ದಾಟಿದವನು ವಾಪಸ್ ಬರದೇ ಹೋದರೆ ಊರೂ ಬಿಟ್ಟ, ರಾಜ್ಯವೂ ಬಿಟ್ಟ.

ಪುತ್ತೂರು ಮಾಣಿ

ನಿಮ್ಮ ನಾಟಕಕ್ಕೆ ಉಪಯೋಗ ಇಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ "ನನ್ನ ಭವಿಷ್ಯ ಏನು" ಅಂತ ಕೇಳುವವರು ಕಮ್ಮಿ. "ಏನು ದೋಷ, ಯಾರ ಉಪದ್ರ" ಅಂತ ಕೇಳುವವರು ಜಾಸ್ತಿ. ಅದಕ್ಕೆ ಪ್ರಶ್ನೆ ಇಡಿಸುವುದು ಅಂತ ಹೇಳುವುದು. ತುಳುವಿನಲ್ಲಿ ಬಲಿಮೆ. ಬಲಿಮೆ ನೋಡುವ ಹಳೆಯ ಮನೆತನದವರಿಗೆ ಬಲ್ಯಾಯ ಅಂತಲೂ ಹೆಸರು. ದೇವಸ್ಥಾನ ಜೀರ್ಣೋದ್ಧಾರ ಅಂದರೆ ಸಣ್ಣ ಪ್ರಶ್ನೆ ಸಾಕಾಗುವುದಿಲ್ಲ, ಅಷ್ಟಮಂಗಲ ಆಗಬೇಕು. 108 ಕವಡೆಯನ್ನು ಮೂರು ಪಾಲು ಮಾಡಿ ಒಂದೊಂದರಲ್ಲೂ ಎಂಟೆಂಟು ತೆಗೆದು ಉಳಿದದ್ದನ್ನು ಲೆಕ್ಕ ಹಾಕುವುದು, ಸಣ್ಣ ಮಗುವಿನ ಕೈಯಲ್ಲಿ ರಾಶಿಚಕ್ರದ ಮೇಲೆ ಚಿನ್ನ ಇಡಿಸುವುದು. ಎರಡು ಮೂರು ದಿನ ಎಳೆಯುವುದೂ ಉಂಟು. ಅಷ್ಟರಲ್ಲಿ ಊರಿನ ಹಳೆ ಜಾಗದ ತಕರಾರು, ಯಾರೋ ಅಜ್ಜ ಬಿಟ್ಟ ಹರಕೆ, ನಿಂತು ಹೋದ ಭೂತದ ಕೋಲ, ಎಲ್ಲ ಹೊರಗೆ ಬಂದಿರುತ್ತದೆ. ಆಮೇಲೆ ಯಾರು ಕೇಳಿದರೂ ಒಂದೇ ಉತ್ತರ: "ಪ್ರಶ್ನೆಯಲ್ಲಿ ಕಂಡುಬಂತು." ದೇವಸ್ಥಾನದ ಸಮಿತಿಯವರಿಗೆ ಇದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ.

ದರ್ಶನ ಪಾತ್ರಿ ಅದೂ ಬೇರೆಯೇ. ಮೈಮೇಲೆ ಬಂದಾಗ ಆಡಿದ ನುಡಿಗೆ ಪಾತ್ರಿಯನ್ನು ಮರುದಿನ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿ "ನೀನು ಹಾಗೆ ಹೇಳಿದ್ದೆಯಲ್ಲ ಮಾರಾಯ" ಅಂತ ಕೇಳುವ ಕ್ರಮ ಇಲ್ಲ.

ಹಳೇ ಮೇಷ್ಟ್ರು

ಚರ್ಚೆ ಚೆನ್ನಾಗಿ ನಡೀತಿದೆ, ನನ್ನದೂ ಸೇರಿಸ್ತೀನಿ. ಬರೆದಿಟ್ಟು ಹೋದವರನ್ನು ಯಾರೂ ನೆನೆಯಲಿಲ್ಲ. ಅವರು ಕಾಲಜ್ಞಾನಿಗಳು. ಯಾದಗಿರಿ ಕಡೆಯ ಕೊಡೇಕಲ್ ಬಸವಣ್ಣನವರ ಪರಂಪರೆಯಲ್ಲಿ ಅಮರಗನ್ನಡ ಅಂತ ಗುಟ್ಟಿನ ಲಿಪಿಯೇ ಇದೆ, ತಿಳಿದವರು ಮಾತ್ರ ಓದಬೇಕು. ವಿಜಯಪುರ ಕಡೆ ಬಬಲಾದಿ ಸದಾಶಿವ ಮುತ್ಯಾನ ಕಾಲಜ್ಞಾನ. ಏನಾದರೂ ದೊಡ್ಡದು ನಡೆದಮೇಲೆ "ಮುತ್ಯಾ ಅವತ್ತೇ ಹೇಳ್ಯಾನ" ಅಂತಾರೆ. ನಡೆಯೋಕೆ ಮುಂಚೆ ಆ ಸಾಲು ಯಾರ ಕಣ್ಣಿಗೂ ಬಿದ್ದಿರಲ್ಲ, ಅದೇ ತಮಾಷೆ. ಸದ್ಯದ ಮನುಷ್ಯ ಹೇಳಿದರೆ ವರ್ಷ ತುಂಬಿದ ಮೇಲೆ ಬಂದು ಕೇಳಬಹುದು. ಮುತ್ಯಾನನ್ನು ಎಲ್ಲಿ ಹೋಗಿ ಕೇಳ್ತೀರಿ?

ಇನ್ನೂ ಹಿಂದೆ ಹೋದರೆ ಶ್ರವಣಬೆಳಗೊಳ. ಚಂದ್ರಗಿರಿಯ ಬಂಡೆಯ ಮೇಲೆ ಕ್ರಿ.ಶ. 600ರ ಸುಮಾರಿನ ಸಂಸ್ಕೃತ ಶಾಸನ ಇದೆ. ಅಷ್ಟಾಂಗ ಮಹಾನಿಮಿತ್ತ, ಅಂದರೆ ಎಂಟು ಬಗೆಯ ಶಕುನ ಬಲ್ಲ ಜೈನ ಮುನಿ ಭದ್ರಬಾಹು ಸ್ವಾಮಿ ಉಜ್ಜಯಿನಿಯಲ್ಲಿದ್ದಾಗ ಹನ್ನೆರಡು ವರ್ಷದ ಕಷ್ಟಕಾಲ ಬರತ್ತೆ ಅಂತ ನಿಮಿತ್ತದಿಂದ ತಿಳಿದು ಹೇಳಿದರು, ಸಂಘವೆಲ್ಲ ದಕ್ಷಿಣಕ್ಕೆ ಹೊರಟಿತು ಅಂತ ಅದರಲ್ಲಿದೆ. ಎಂಟು ನಿಮಿತ್ತ ಅಂದರೆ ಆಕಾಶ, ನೆಲ, ಮೈ, ದನಿ, ಮಚ್ಚೆ, ಮೈಮೇಲಿನ ಲಕ್ಷಣ, ಹರಿದ ಬಟ್ಟೆ, ಕನಸು. ಹರಿದ ಬಟ್ಟೆ ನೋಡಿ ಹೇಳೋದು ನನಗೆ ಬಹಳ ಇಷ್ಟವಾದದ್ದು, ಇಲಿ ಕಡಿದಿದೆಯಾ ಮುಳ್ಳಿಗೆ ಸಿಕ್ಕಿದೆಯಾ ಅಂತೆಲ್ಲ ವಿಚಾರ ಇದೆ. ಈ ಪಟ್ಟಿಯಲ್ಲಿ ಅರ್ಧ ಬುಡಬುಡಿಕೆಯವನ ಕೈಯಲ್ಲೂ ಉಳಿದಿದೆ ನೋಡಿ. ಹಕ್ಕಿಯ ದನಿ ಕೇಳ್ತಾನೆ, ಎದುರು ನಿಂತವರ ಮೈ ಮುಖ ನೋಡ್ತಾನೆ. ಮುನಿಗಳಿಗೆ ಶಾಸನ ಸಿಕ್ಕಿತು, ಇವನಿಗೆ ಹಳೇ ಕೋಟು.

ಕೊನೆಗೊಂದು. ಧಾರವಾಡದ ಹತ್ತಿರ ಹನುಮನಕೊಪ್ಪದಲ್ಲಿ ಮನುಷ್ಯರ ಗೊಡವೆಯೇ ಇಲ್ಲ. ಯುಗಾದಿ ಅಮಾವಾಸ್ಯೆ ಸಂಜೆ ತುಪ್ಪರಿ ಹಳ್ಳದ ದಂಡೆಯಲ್ಲಿ ಗೊಂಬೆ, ಕಾಳು ಇಟ್ಟು ಬರ್ತಾರೆ. ಪಾಡ್ಯದ ಬೆಳಿಗ್ಗೆ ಹೋಗಿ ಯಾವ ಗೊಂಬೆಗೆ ಏನಾಗಿದೆ ಅಂತ ನೋಡಿ ಮಳೆ ಬೆಳೆ ರಾಜಕೀಯ ಎಲ್ಲ ಹೇಳ್ತಾರೆ.

ಪ್ರಶ್ನೆ ಕೇಳುವವ

ಮೇಷ್ಟ್ರೇ, ರಾತ್ರಿ ನಾಯಿ ಓಡಾಡಿದರೆ ಸರ್ಕಾರ ಬಿದ್ದಂಗೇನಾ? 😄

ಹಳೇ ಮೇಷ್ಟ್ರು

ಹೌದಪ್ಪ, ಆ ನಾಯಿಗೂ ಒಂದು ಹೆಸರಿಡಬೇಕು.

ರಂಗದ ಹುಚ್ಚ

ಅಬ್ಬಾ, ಒಂದು ಪದ ಕೇಳೋಕೆ ಬಂದೆ, ನಾಟಕವೇ ತಿರುಗಿ ಬರೆಯೋ ಹಾಗಾಯ್ತು. ಎಲ್ಲರಿಗೂ ಥ್ಯಾಂಕ್ಸ್. ತಂಡದ ಜೊತೆ ಕೂತು ಮಾತಾಡಿದೆ. ಬುಡಬುಡಿಕೆಯವನನ್ನೇ ಇಟ್ಕೊಳ್ತಿದೀವಿ. ಕತೆಯನ್ನು ಸುಗ್ಗಿ ಮುಗಿದ ಮೇಲಕ್ಕೆ ತಳ್ಳಿದೀವಿ. ಕತ್ತಲಲ್ಲಿ ಬಂದು ಕಂಬಕ್ಕೆ ಕಂಟಕ ಅಂತ ಅರ್ಧ ಹೇಳಿ ಹೋಗ್ತಾನೆ, ಮಧ್ಯಾಹ್ನ ವಾಪಸ್ ಬಂದಾಗ "ಹಿರೀಮಗ ಊರು ಬಿಡ್ತಾನೆ" ಅನ್ನೋ ಮಾತನ್ನು ಅವನು ಹೇಳೋದೇ ಇಲ್ಲ, ತಾಯಿಯೇ ಹೇಳಿಬಿಡ್ತಾಳೆ. ಗೊರವಯ್ಯ ಸ್ಟೇಜ್ ಮೇಲೆ ಬರಲ್ಲ, ಹೊಳೆ ಆಚೆಯಿಂದ ಸುದ್ದಿ ಮಾತ್ರ ಬರತ್ತೆ. ಕೊರವಂಜಿಯ ಬಗ್ಗೆ ಗದಗಿನ ಅಕ್ಕ ಹೇಳಿದ್ದು ಓದಿದ ಮೇಲೆ ಅವಳನ್ನು ಒಂದು ದೃಶ್ಯಕ್ಕೆ ತಂದು ಕಳಿಸೋದು ಸರಿ ಅನಿಸಲಿಲ್ಲ. ಅವಳಿಗೇ ಒಂದು ನಾಟಕ ಬೇಕು.

ಎರಡು ಸಣ್ಣ ಡೌಟು. ಮನೆಯವರು ಅವನನ್ನು ಏನಂತ ಮಾತಾಡಿಸ್ತಾರೆ? ಮತ್ತೆ ಆ ವಾದ್ಯ ಎಲ್ಲಿ ಸಿಗತ್ತೆ, ಡಮರುಗದಲ್ಲೇ ಅಡ್ಜಸ್ಟ್ ಮಾಡಬಹುದಾ?

ಬ್ಯಾಡಗಿ ಮೆಣಸಿನಕಾಯಿ

ಮನೆಯೊಳಗೆ ತಮ್ಮತಮ್ಮಲ್ಲಿ ಮಾತಾಡುವಾಗ "ಬುಡಬುಡಿಕ್ಯಾಂವ ಬಂದಾನ, ಬಾಗಲಾ ತೆಗೀಬ್ಯಾಡ." ಎದುರಿಗೆ ಕೂತಮೇಲೆ "ಏನಪಾ ಯಜಮಾನ, ಬೆಳಕು ಹರಿಯೂಕಿಂತ ಮದ್ಲ ಏನೋ ಅಂದಿ?" ಕಾಳು ಹಾಕುವಾಗ ಮುದುಕಿ "ಒಳ್ಳೇದು ನುಡದು ಹೋಗಪ್ಪ" ಅನ್ನಲಿ. ಅವನು ಹೆಂಗಸರಿಗೆಲ್ಲ "ತಾಯಿ", ಚಿಕ್ಕವರಿಗೆ "ತಂಗಿ". ಗೌಡ ಎದುರಾದರೆ "ಧಣಿ". ಅವರಲ್ಲಿ ಹಲವರ ಮನೆಮಾತು ಮರಾಠಿ, ಹೋಗುವಾಗ ಹೆಂಡತಿ ಜೊತೆ ಎರಡು ಮಾತು ಮರಾಠಿಯಲ್ಲಿ ಆಡಿದರೆ ಚೆನ್ನಾಗಿರತ್ತೆ.

ಡಮರುಗ ಬೇಡ. ಅದರ ದನಿ ದಪ್ಪ, ಕೇಳಿದ ಕೂಡಲೇ ಶಿವ ಬಂದ ಅಂದ್ಕೋತಾರೆ. ಇದು ತೆಳ್ಳಗೆ ಇರಬೇಕು. ನಿಮ್ಮ ಕಡೆಯ ಡೊಳ್ಳು ಚರ್ಮ ಕಟ್ಟುವವರನ್ನು ಕೇಳಿ ನೋಡಿ, ಅಳತೆ ಹೇಳಿದರೆ ಮಾಡಿಕೊಡಬಹುದು. ಅಂಗೈಯೊಳಗೆ ನಡು ಹಿಡಿಯೋಕೆ ಬರಬೇಕು. ಕಲಾವಿದನಿಗೆ ಇವತ್ತಿಂದಲೇ ಕೊಟ್ಟು ಅಭ್ಯಾಸ ಮಾಡಿಸಿ. ತೋಳು ಆಡಿಸಬಾರದು, ಮಣಿಕಟ್ಟು ಮಾತ್ರ. ಮಾತಾಡುವಾಗ ನಿಲ್ಲಿಸಬೇಕು, ಮಾತು ಮುಗಿದ ಕೂಡಲೇ ಬಾರಿಸಬೇಕು. ಅಷ್ಟು ಬಂದರೆ ಸಾಕು, ಶೋ ಯಾವತ್ತು ಅಂತ ಇಲ್ಲೇ ಹಾಕಿ.